ಅರ್ಧ ಹಗಲಿನ ಕೊಚ್ಚಿ

ಸಮುದ್ರಮಾರ್ಗವಾಗಿ ವಿಹಾರಕ್ಕೆ ಹೊರಡುವವರು ಈಚೆಗೆ ನಮ್ಮಲ್ಲಿಯೂ ಹೆಚ್ಚುತ್ತಿರುವರು. ಅಂಥ ಹಡಗಿನಲ್ಲಿ ಊಟಕ್ಕೂ ನಿದ್ರೆಗೂ ಬೇಕಾದಷ್ಟು ಅವಕಾಶವುಂಟು; ಊರು ನೋಡುವುದಕ್ಕೆ ಮಾತ್ರವಿಲ್ಲ. ಬೆಳಗ್ಗೆ ಎಂಟು ಗಂಟೆಗೆ ಧಕ್ಕೆಯನ್ನು ಸೇರಿದ ನೌಕೆಯು ಸಂಜೆ ನಾಲ್ಕಕ್ಕೆ ಏಣಿಯನ್ನೆತ್ತುವುದು. ಇಳಿಯುವವರ ಸಾಲು, ಕಾಗದಪತ್ರಗಳ ತಪಾಸಣೆ, ಹಿಂದಿರುಗುವ ಆತಂಕ, ಇವೆಲ್ಲವನ್ನೂ ಕಳೆದರೆ ಯಾತ್ರಿಕನ ಕೈಗೆ ಉಳಿಯುವುದು ಐದು ಗಂಟೆಗಳು. ಆರು ಎಂದರೆ ಅದು ಅವನ ಪುಣ್ಯ. ಇಷ್ಟು ಹೊತ್ತಿನಲ್ಲಿ ಕೊಚ್ಚಿಯಂಥ ಊರಿನೊಳಗೆ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಪ್ರವಾಸಿಯ ಪ್ರಶ್ನೆಯಾಗಿ ಕಂಡರೂ ಒಳಗೆ ಇತಿಹಾಸದ ಪ್ರಶ್ನೆಯೇ ಆಗಿರುವುದು.

ಕಳೆದ ಮಾಗಿಯಲ್ಲಿ ಇದು ನಮ್ಮ ಮನೆಯ ಜಗಳವೇ ಆಯಿತು. ನನ್ನ ಭಾವನವರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ಹಡಗು ಮುಂಬಯಿಯನ್ನು ಬಿಟ್ಟಾಗಿನಿಂದಲೂ ಅವರದು ಒಂದೇ ಹಟ: “ವಾಸ್ಕೋ ಡ ಗಾಮನ ಸಮಾಧಿಯನ್ನು ನೋಡದೆ ನಾನು ಮತ್ತೆ ಹಡಗು ಹತ್ತುವವನಲ್ಲ. ಮೂವತ್ತು ವರ್ಷ ಅವನ ಹೆಸರು ಹೇಳಿ ಅನ್ನ ತಿಂದಿದ್ದೇನೆ.” ಹಡಗಿನವರು ಕೊಟ್ಟ ಪಟ್ಟಿಯಲ್ಲಿಯಾದರೋ ಇಗರ್ಜಿ, ಚೀನೀ ಬಲೆ, ಅರಮನೆ, ಯೆಹೂದ್ಯರ ಮಂದಿರ, ಮೆಣಸು ಏಲಕ್ಕಿಯ ಅಂಗಡಿ, ಕಥಕಳಿ ಇಷ್ಟೂ ನಾಲ್ಕೇ ಗಂಟೆಗಳಲ್ಲಿ ಅಡಗಿದ್ದುವು. ನಾನು ಎರಡನ್ನೂ ಒಪ್ಪಲಿಲ್ಲ. ಮೊದಲು ಮಟ್ಟಾಂಚೇರಿಗೆ ಹೋಗೋಣ, ಹೆಚ್ಚಿನ ಹೊತ್ತನ್ನು ಅಲ್ಲಿಯೇ ಕಳೆಯೋಣ, ಉಳಿದರೆ ಗಾಮ ಎಂದೆ. ಹಾಗೇಕೆ ಎಂದೆನೆಂಬುದೇ ಈ ಲೇಖನದ ವಿಷಯ.

ಹಡಗು ನಿಲ್ಲುವ ನೆಲದಿಂದಲೇ ಆರಂಭಿಸುವೆನು. ಏಕೆಂದರೆ ಅದನ್ನು ನೋಡಲು ಕಾಲವ್ಯಯವೇ ಇಲ್ಲ. ವಿಲಿಂಗ್ಡನ್ ದ್ವೀಪವೆಂದು ಹೆಸರಾದ ಈ ನೆಲದ ಬಹುಭಾಗವು ನೂರು ವರ್ಷಗಳ ಹಿಂದೆ ಇರಲಿಲ್ಲ. ಕೊಚ್ಚಿಯ ಅಳಿವೆಗೆ ಅಡ್ಡಲಾಗಿ ಮರಳಿನ ದಿಣ್ಣೆಯೊಂದಿದ್ದುದರಿಂದ ದೊಡ್ಡ ಹಡಗುಗಳು ಹೊರಸಮುದ್ರದಲ್ಲಿಯೇ ಲಂಗರು ಹಾಕಬೇಕಾಗಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಆಂಗ್ಲ ಇಂಜಿನಿಯರು ಆ ದಿಣ್ಣೆಯನ್ನು ಕಡಿದು ಆಳವಾದ ಕಾಲುವೆಯನ್ನು ತೆಗೆಯಿಸಿದನು. 1928ರಲ್ಲಿ ‘ಪದ್ಮಾ’ ಎಂಬ ಹಡಗು ಒಳಗೆ ಬಂದಿತು. ಹಿನ್ನೀರಿನಿಂದ ಎತ್ತಿದ ಹೂಳನ್ನು ವ್ಯರ್ಥಮಾಡದೆ ಅದರಿಂದಲೇ ಈ ದ್ವೀಪವನ್ನು ಕಟ್ಟಿದರು. ಆದರೆ ಬ್ರಿಸ್ಟೋವಿಗಿಂತ ಮೊದಲೇ ಇಲ್ಲಿ ಕೆಲಸಮಾಡಿದ ಇಂಜಿನಿಯರು ಮತ್ತೊಬ್ಬನಿದ್ದನು. ಅವನು ಪೆರಿಯಾರ್ ನದಿ. ಪ್ರಾಚೀನ ಗ್ರೀಕರೂ ರೋಮನರೂ ಕರಿಮೆಣಸಿಗಾಗಿ ಅರಸಿಬರುತ್ತಿದ್ದ ಮುಚಿರಿಪಟ್ಟಣವು ಉತ್ತರಕ್ಕೆ ಕೊಡುಂಗಲ್ಲೂರಿನ ಬಳಿಯಲ್ಲಿದ್ದಿತು. 1341ರ ಮಹಾಪ್ರವಾಹದಲ್ಲಿ ಆ ರೇವು ಹೂಳಿನಿಂದ ತುಂಬಿ, ಕೊಚ್ಚಿಯ ಅಳಿವೆಯು ಅಗಲವಾಗಿ ತೆರೆಯಿತೆಂದು ಇತಿಹಾಸಜ್ಞರ ಅಭಿಪ್ರಾಯ. ಒಂದು ಊರಿನ ಭಾಗ್ಯವನ್ನು ಕಿತ್ತು ಮತ್ತೊಂದಕ್ಕೆ ಕೊಟ್ಟ ನೀರು ಅದು. ನೀರಿನ ಹಿಂದೆ ವರ್ತಕರೂ, ವರ್ತಕರ ಹಿಂದೆ ಅರಸನೂ ಬಂದರು.

ಈ ಅರಸನ ಸ್ಥಿತಿಯನ್ನು ತಿಳಿಯದೆ ಕೊಚ್ಚಿಯ ಯಾವ ಕಟ್ಟಡವೂ ಅರ್ಥವಾಗದು. ಅವನು ಚಿಕ್ಕ ದೊರೆ. ಕಲ್ಲಿಕೋಟೆಯ ಸಾಮೂದಿರಿಯ ನೆರಳಿನಲ್ಲಿ ಬಾಳುತ್ತಿದ್ದವನು. 1500ರ ಡಿಸೆಂಬರಿನಲ್ಲಿ ಕಬ್ರಾಲನೆಂಬ ಪೋರ್ತುಗೀಜ ನಾವಿಕನು ಕಲ್ಲಿಕೋಟೆಯಲ್ಲಿ ಜಗಳವಾಡಿಕೊಂಡು ಇಲ್ಲಿಗೆ ಬಂದಾಗ, ಆಗಿನ ಅರಸನಾದ ಉಣ್ಣಿ ಗೋದವರ್ಮನು ಅವನಿಗೆ ಮೆಣಸನ್ನೂ ಕೋಠಿಗೆ ಸ್ಥಳವನ್ನೂ ಕೊಟ್ಟನು. ಇದು ಕೇವಲ ಔದಾರ್ಯವೆಂದು ನಾನು ಹೇಳಲಾರೆ. ಸಾಮೂದಿರಿಯ ಹಿಡಿತದಿಂದ ಬಿಡಿಸಿಕೊಳ್ಳುವ ಲೆಕ್ಕವೂ ಅದರಲ್ಲಿದ್ದಿತು. ಆದರೆ ಲೆಕ್ಕವು ತಪ್ಪಿದಾಗಲೂ ಆ ಅರಸನು ಮಾತು ತಪ್ಪಲಿಲ್ಲ. 1503ರಲ್ಲಿ ಸಾಮೂದಿರಿಯು ದಂಡೆತ್ತಿ ಬಂದು, ಊರಿನಲ್ಲಿ ಉಳಿದಿದ್ದ ಪರದೇಶಿಗಳನ್ನು ಒಪ್ಪಿಸೆಂದು ಕೇಳಿದನು. ಕೊಚ್ಚಿಯವನು ಒಪ್ಪಿಸಲಿಲ್ಲ. ರಣದಲ್ಲಿ ಯುವರಾಜನು ಮಡಿದನು, ಪಟ್ಟಣವು ಹೋಯಿತು. ಅರಸನು ಆ ಅತಿಥಿಗಳೊಡನೆಯೇ ವೈಪೀನ್ ದ್ವೀಪಕ್ಕೆ ಓಡಿಹೋಗಿ ತಲೆ ಮರೆಸಿಕೊಂಡನು. ಅದೇ ವರ್ಷ ಪೋರ್ತುಗೀಜರ ಹಡಗುಗಳು ಬಂದು ಅವನನ್ನು ಪುನಃ ಸಿಂಹಾಸನದಲ್ಲಿ ಕೂಡಿಸಿದುವು. ಪ್ರತಿಫಲವಾಗಿ ಅವರು ಕೇಳಿದ್ದು ಕೋಟೆ ಕಟ್ಟಲು ಸ್ಥಳ. ಭಾರತದಲ್ಲಿ ಐರೋಪ್ಯರ ಮೊದಲನೆಯ ಕೋಟೆಯು ಹೀಗೆ ಎದ್ದಿತು. ಅತಿಥಿಯು ಯಜಮಾನನಾಗಲು ಹೆಚ್ಚು ಕಾಲ ಹಿಡಿಯಲಿಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಟ್ಟಾಂಚೇರಿಯ ಅರಮನೆಯು ಈ ಕಥೆಯ ಮುಂದಿನ ಅಧ್ಯಾಯ. ಸಮೀಪದ ದೇವಾಲಯವೊಂದನ್ನು ತಮ್ಮವರು ಸುಲಿದುದಕ್ಕೆ ಸಮಾಧಾನವಾಗಿ ಪೋರ್ತುಗೀಜರು ಸುಮಾರು 1555ರಲ್ಲಿ ಇದನ್ನು ಕಟ್ಟಿಸಿ ವೀರಕೇರಳವರ್ಮನಿಗೆ ಒಪ್ಪಿಸಿದರೆಂದು ಹೇಳುವರು. ಒಂದು ಶತಮಾನದ ಅನಂತರ, 1663ರಲ್ಲಿ ಪೋರ್ತುಗೀಜರನ್ನು ಓಡಿಸಿದ ಡಚ್ಚರು ಇದನ್ನು ದುರಸ್ತಿಮಾಡಿಸಿದರು. ಆದುದರಿಂದ ಜನರ ಬಾಯಲ್ಲಿ ಇದು ‘ಡಚ್ ಅರಮನೆ’. ಡಚ್ಚರು ಕಟ್ಟಿದುದಲ್ಲ, ಡಚ್ಚರು ವಾಸಮಾಡಿದುದೂ ಅಲ್ಲ. ಸುಣ್ಣ ಬಳಿದವನ ಹೆಸರು ಮನೆಗೆ ನಿಂತಿತು! ಹೊರಗಿನಿಂದ ನೋಡಿದರೆ ದಪ್ಪಗೋಡೆಯ, ಕಮಾನು ಬಾಗಿಲಿನ ಐರೋಪ್ಯ ಮನೆ. ಒಳಹೊಕ್ಕರೆ ನಡುವೆ ಅಂಗಳವನ್ನುಳ್ಳ ಮಲೆಯಾಳದ ನಾಲ್ಕು ತೊಟ್ಟಿಯ ಕಟ್ಟಡ. ಅಂಗಳದಲ್ಲಿ ಅರಸುಮನೆತನದ ಕುಲದೇವತೆಯಾದ ಪಳಯನ್ನೂರು ಭಗವತಿಯ ಗುಡಿ.

ಆರು ಗಂಟೆಗಳಲ್ಲಿ ಒಂದು ಗಂಟೆಯನ್ನು ಒಂದೇ ಕೋಣೆಗೆ ಕೊಡಬೇಕಾದರೆ, ಅದನ್ನು ಈ ಅರಮನೆಯ ಶಯನಗೃಹಕ್ಕೆ ಕೊಡಬೇಕು. ಪುತ್ರಕಾಮೇಷ್ಟಿಯಿಂದ ಹಿಡಿದು ಶ್ರೀರಾಮನು ಅಯೋಧ್ಯೆಗೆ ಮರಳುವವರೆಗಿನ ರಾಮಾಯಣವು ನಾಲ್ವತ್ತಕ್ಕೂ ಮೀರಿದ ದೃಶ್ಯಗಳಲ್ಲಿ ಗೋಡೆಗಳನ್ನು ತುಂಬಿಕೊಂಡಿದೆ. ‘ತುಂಬಿಕೊಂಡಿದೆ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಕಾವಿ, ಹಳದಿ, ಹಸುರು ಬಣ್ಣಗಳ ಆ ಸಂದಣಿಯಲ್ಲಿ ಬೆರಳಿಡುವಷ್ಟು ಬರಿದಾದ ಜಾಗವಿಲ್ಲ. ನಮ್ಮವರಿಗೆ ಲೇಪಾಕ್ಷಿಯ ಚಿತ್ರಗಳು ಪರಿಚಿತವಷ್ಟೆ. ಅವೂ ಅದೇ ಹದಿನಾರನೆಯ ಶತಮಾನದವು. ಆದರೆ ಅಲ್ಲಿಯ ಆಕೃತಿಗಳು ಸಾಲಾಗಿ, ಬಿಡಿಬಿಡಿಯಾಗಿ ನಡೆಯುವುವು. ಇಲ್ಲಿಯವು ಒಬ್ಬರ ಹೆಗಲಿಗೆ ಒಬ್ಬರು ತಾಗಿ, ಒಂದು ಕಥೆಯು ಮುಗಿಯುವ ಮೊದಲೇ ಮತ್ತೊಂದು ಅದರೊಳಕ್ಕೆ ನುಗ್ಗುವುದು. ನಮ್ಮ ಮುಂದಿದ್ದ ಯಾತ್ರಿಕರ ತಂಡವು ಆ ಕೋಣೆಯನ್ನು ನಾಲ್ಕು ನಿಮಿಷದಲ್ಲಿ ದಾಟಿತು. ಭಾವನವರು ಮೊದಲು ಗಡಿಯಾರವನ್ನು ನೋಡುತ್ತ ನಿಂತಿದ್ದವರು, ಬರಬರುತ್ತ ಗೋಡೆಯನ್ನು ನೋಡತೊಡಗಿದರು. ಆಮೇಲೆ ನಾನೇ ಅವರನ್ನು ಕರೆಯಬೇಕಾಯಿತು. ವಿದೇಶೀಯನು ಕಟ್ಟಿಸಿಕೊಟ್ಟ ಗೋಡೆಯ ಮೇಲೆ ತನ್ನ ರಾಮಾಯಣವನ್ನು ಅಂಗುಲ ಬಿಡದೆ ಬರೆಯಿಸಿಕೊಂಡ ಆ ಅರಸುಮನೆತನದ ಮನಸ್ಸು ಎಂಥದಿದ್ದಿರಬಹುದು?

ಅರಮನೆಯ ಆವರಣಕ್ಕೆ ಅಂಟಿಕೊಂಡೇ ಪರದೇಶಿ ಯೆಹೂದ್ಯರ ಸಿನಗಾಗು ಇದೆ. ದೇವಾಲಯಕ್ಕೂ ಅದಕ್ಕೂ ಗೋಡೆ ಒಂದೇ. ಕೊಡುಂಗಲ್ಲೂರಿನಲ್ಲಿ ನೆಲೆ ತಪ್ಪಿ ಬಂದ ಯೆಹೂದ್ಯರಿಗೆ ಅರಸನು ತನ್ನ ಮಗ್ಗುಲಲ್ಲಿಯೇ ನೆಲವನ್ನು ಕೊಟ್ಟನು, 1568ರಲ್ಲಿ ಮಂದಿರವಾಯಿತು. 1662ರಲ್ಲಿ ಪೋರ್ತುಗೀಜರು ಅದನ್ನು ಹಾಳುಗೆಡವಿದರು, ಡಚ್ಚರ ಕಾಲದಲ್ಲಿ ಅದು ಮತ್ತೆ ಎದ್ದಿತು. ನೆಲಕ್ಕೆ ಹಾಸಿರುವ ನೀಲಿ ಚಿತ್ರದ ಪಿಂಗಾಣಿ ಬಿಲ್ಲೆಗಳು ಹದಿನೆಂಟನೆಯ ಶತಮಾನದಲ್ಲಿ ಚೀನದ ಕ್ಯಾಂಟನ್ನಿನಿಂದ ಬಂದವು. ಎಲ್ಲರೂ ಅವನ್ನು ನೋಡುತ್ತ ತಲೆ ಬಗ್ಗಿಸುವರು. ಆದರೆ ಈ ಸಮಾಜದ ನಿಜವಾದ ಸಂಪತ್ತು ತಾಮ್ರದ ಶಾಸನ. ಸುಮಾರು ಕ್ರಿ.ಶ. 1000ದಲ್ಲಿ ಚೇರದೊರೆ ಭಾಸ್ಕರರವಿಯು ಜೋಸೆಫ್ ರಬ್ಬಾನನೆಂಬ ಯೆಹೂದ್ಯ ಪ್ರಮುಖನಿಗೆ ವಟ್ಟೆಳುತ್ತು ಲಿಪಿಯಲ್ಲಿ ಬರೆಯಿಸಿಕೊಟ್ಟ ಎಪ್ಪತ್ತೆರಡು ಹಕ್ಕುಗಳ ದಾನಪತ್ರವದು. ಶಾಸನಗಳ ನಾಡಿನವರಾದ ನಮಗೆ ಇದರ ಬೆಲೆಯನ್ನು ಯಾರೂ ತಿಳಿಸಬೇಕಾಗಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಇಲ್ಲಿಯವರು ಒಬ್ಬೊಬ್ಬರಾಗಿ ಹೊರಟುಹೋದರು. ಯಾರೂ ಅವರನ್ನು ಓಡಿಸಲಿಲ್ಲ, ಆದರೂ ಹೋದರು. 1968ರಲ್ಲಿ ಮಂದಿರದ ನಾನ್ನೂರನೆಯ ವರ್ಷದ ಉತ್ಸವಕ್ಕೆ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಬಂದಿದ್ದರು. ಈಗ ಬೀದಿಯ ಹೆಸರು ಯೆಹೂದ್ಯರದು, ಅಂಗಡಿಗಳು ಇತರರವು.

ಅರಸರ ಆಶ್ರಯವನ್ನು ಹೊಗಳುವವನು ಅದರ ಮತ್ತೊಂದು ಮುಖವನ್ನು ಮುಚ್ಚಬಾರದು. ಹದಿನಾರನೆಯ ಶತಮಾನದಲ್ಲಿ ಗೋವೆಯನ್ನು ಬಿಟ್ಟು ಹೊರಟ ಕೊಂಕಣಿಗರಲ್ಲಿ ಹಲವರು ನಮ್ಮ ಕಾರವಾರ, ಕುಮಟೆ, ಮಂಗಳೂರುಗಳಲ್ಲಿ ನೆಲಸಿದರಷ್ಟೆ. ಅವರ ಬಂಧುಗಳೇ ಕೊಚ್ಚಿಗೂ ಬಂದು ವ್ಯಾಪಾರದಲ್ಲಿ ಮೇಲೆ ಬಂದರು. ಡಚ್ ಅಧಿಕಾರಿ ವಾನ್ ರೀಡನು ಮಲೆಯಾಳದ ಗಿಡಮೂಲಿಕೆಗಳ ಮೇಲೆ ಮಾಡಿಸಿದ, 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಮಹಾಗ್ರಂಥಕ್ಕೆ ಇಟ್ಟಿ ಅಚ್ಯುತನೆಂಬ ಈಳವ ವೈದ್ಯನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರೂ ನೆರವಾದರು. ನಾಗರಿಯಲ್ಲಿ ಬರೆದ ಅವರ ಹೇಳಿಕೆ ಆ ಗ್ರಂಥದಲ್ಲಿಯೇ ಅಚ್ಚಾಗಿದೆ. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಈ ಸಮಾಜದ ವೆಂಕಟೇಶ್ವರ ದೇವಾಲಯವು ಇಂದಿಗೂ ವೈಭವದಿಂದಿದೆ. ಆದರೆ 1791ರಲ್ಲಿ ಶಕ್ತನ್ ತಂಬುರಾನ್ ಎಂದು ಹೆಸರಾದ ಕೊಚ್ಚಿಯ ಅರಸನೇ ಈ ಸಮಾಜದ ಮುಖಂಡರನ್ನು ಕೊಲ್ಲಿಸಿದನು. ಭಕ್ತರು ದೇವರನ್ನೇ ಎತ್ತಿಕೊಂಡು ತಿರುವಾಂಕೂರಿನ ಆಲಪ್ಪುಳಕ್ಕೆ ಹೋಗಿ ಬಹುಕಾಲ ಅಲ್ಲಿರಬೇಕಾಯಿತು. ನೆಲ ಕೊಟ್ಟ ಕೈಯೇ ಕತ್ತಿಯನ್ನೂ ಹಿಡಿಯಿತು. ಇದನ್ನು ಬಿಟ್ಟು ಮಟ್ಟಾಂಚೇರಿಯನ್ನು ವರ್ಣಿಸುವವರ ಮಾತು ಅಂಗಡಿಯವನ ಮಾತಿಗಿಂತ ಹೆಚ್ಚಿನದಲ್ಲ.

ಹೋಗುವವರು ವಾರವನ್ನು ನೋಡಿಕೊಳ್ಳುವುದು ಒಳ್ಳೆಯದು. ಅರಮನೆಗೆ ಶುಕ್ರವಾರ ರಜೆ. ಶನಿವಾರ ಯೆಹೂದ್ಯರ ವಿಶ್ರಾಂತಿದಿನವಾದುದರಿಂದ ಅವರ ಮಂದಿರವು ತೆರೆಯದು. ಹಡಗು ಈ ದಿನಗಳಲ್ಲಿಯೇ ಬಂದರೆ ನನ್ನ ವಾದವು ಅರ್ಧ ಬಿದ್ದುಹೋಗುವುದೆಂದು ಒಪ್ಪಿಕೊಳ್ಳುತ್ತೇನೆ.

ಮಟ್ಟಾಂಚೇರಿಯಲ್ಲಿ ಮೂರೂವರೆ ಗಂಟೆ ಕಳೆದಮೇಲೆ ನಮಗೆ ಉಳಿದಿದ್ದ ಹೊತ್ತು ಅತ್ಯಲ್ಪ. ಕೊಟ್ಟ ಮಾತಿನಂತೆ ಕೋಟೆ ಕೊಚ್ಚಿಗೆ ಆಟೋರಿಕ್ಷಾ ಹಿಡಿದೆವು. ಸೇಂಟ್ ಫ್ರಾನ್ಸಿಸ್ ಇಗರ್ಜಿಯು ಸರಳವಾದ ಕಟ್ಟಡ. ಪೋರ್ತುಗೀಜರಿಂದ ಡಚ್ಚರಿಗೆ, ಡಚ್ಚರಿಂದ ಇಂಗ್ಲಿಷರಿಗೆ ಕೈಯಿಂದ ಕೈಗೆ ಬಂದುದು. ಕೋಟೆಯನ್ನು ಇಂಗ್ಲಿಷರು 1806ರಲ್ಲಿ ಸಿಡಿಮದ್ದಿನಿಂದ ಒಡೆಸಿದರೂ ಇದು ಉಳಿಯಿತು. ಮೂರನೆಯ ಬಾರಿ ಭಾರತಕ್ಕೆ ಬಂದ ಗಾಮನು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡನು. ಅವನನ್ನು ಇಲ್ಲಿ ಹೂಳಿದರು. ಹದಿನಾಲ್ಕು ಹದಿನೈದು ವರ್ಷಗಳೊಳಗೆ ಅಸ್ಥಿಗಳನ್ನು ತೆಗೆದು ಪೋರ್ತುಗಲ್ಲಿಗೆ ಸಾಗಿಸಿದರು. ಈಗ ಅವು ಲಿಸ್ಬನ್ನಿನಲ್ಲಿವೆ. ಇಲ್ಲಿರುವುದು ಕಟಕಟೆಯ ನಡುವೆ ಒಂದು ಹಾಸುಗಲ್ಲು, ಅದರ ಕೆಳಗೆ ಬರಿ ಮಣ್ಣು. 1502ರಲ್ಲಿ ಮೆಕ್ಕೆಯಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳೆನ್ನದೆ ಸುಟ್ಟವನೂ ಇವನೇ ಎಂಬುದು ಆ ಕಲ್ಲಿನ ಬಳಿ ಯಾರಿಗೂ ನೆನಪಾಗುವಂತಿಲ್ಲ.

ಭಾವನವರು ಕಟಕಟೆಯನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, “ವೈಪೀನಿಗೆ ಓಡಿಹೋದನೆಂದೆಯಲ್ಲ, ಆ ದೊರೆಯ ಹೆಸರೇನಯ್ಯಾ?” ಎಂದು ಕೇಳಿದರು. ಹೇಳಿದೆ. “ಮೂವತ್ತು ವರ್ಷದಲ್ಲಿ ಒಬ್ಬ ಹುಡುಗನಿಗೂ ನಾನು ಅದನ್ನು ಹೇಳಲಿಲ್ಲ” ಎಂದರು. ಹೊರಗೆ ಆಟೋದವನು ಹಾರನ್ ಬಾರಿಸುತ್ತಿದ್ದನು.

ಚೀನೀ ಬಲೆಗಳನ್ನು ನೋಡಲು ನಾವು ಇಳಿಯಲೇ ಇಲ್ಲ. ಅದು ನಷ್ಟವೂ ಆಗಲಿಲ್ಲ. ನಾಲ್ಕು ಗಂಟೆಗೆ ಲಂಗರೆತ್ತಿದ ಹಡಗು ಬ್ರಿಸ್ಟೋ ತೆಗೆಸಿದ ಆ ಕಾಲುವೆಯಲ್ಲಿಯೇ ಹೊರಗೆ ಸಾಗಬೇಕು. ಎಡಕ್ಕೆ ಕೋಟೆ ಕೊಚ್ಚಿ, ಬಲಕ್ಕೆ ವೈಪೀನ್, ಎರಡು ದಡಗಳಲ್ಲಿಯೂ ಬಲೆಗಳು. ಚೀನದ ವರ್ತಕರೇ ತಂದರೆಂದು ಕೆಲವರು, ಮಕಾವಿನಿಂದ ಪೋರ್ತುಗೀಜರು ತಂದರೆಂದು ಕೆಲವರು ವಾದಿಸುವರು. ಮೇಲಿನ ಅಟ್ಟದಿಂದ ನೋಡುತ್ತಿದ್ದಂತೆ ಒಂದು ಬಲೆಯು ಮೆಲ್ಲನೆ ನೀರಿಗಿಳಿಯಿತು. ಹಗ್ಗಗಳಲ್ಲಿ ತೂಗುತ್ತಿದ್ದ ಕಲ್ಲುಗಳು ಒಂದೊಂದಾಗಿ ಮೇಲೆದ್ದುವು. ಭಾವನವರು ಆ ಕಡೆಗೆ ಬೆನ್ನು ಮಾಡಿ ವೈಪೀನಿನ ತೆಂಗಿನ ಸಾಲನ್ನೇ ನೋಡುತ್ತಿದ್ದರು.