ಉಮ್ಮತ್ತಿ ಹೊಗೆಯಿಂದ ಪಂಪಿನವರೆಗೆ

ಉಬ್ಬಸ, ದಮ್ಮು, ಗೂರಲು: ಕನ್ನಡದಲ್ಲಿ ಈ ಕಾಯಿಲೆಗೆ ಊರಿಗೊಂದು ಹೆಸರು. ಅಸ್ತಮಾ ಎಂಬ ಗ್ರೀಕ್ ಮೂಲದ ಪದವೂ ಈಗ ಮನೆಮಾತೇ ಆಗಿದೆ. ಚರಕಸಂಹಿತೆ ಇದನ್ನು ತಮಕಶ್ವಾಸ ಎಂದು ಕರೆಯುತ್ತದೆ. ಮೋಡ ಕವಿದರೆ, ಚಳಿಯಾದರೆ, ಮೂಡಣ ಗಾಳಿ ಬೀಸಿದರೆ ಅದು ಕೆರಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ತುಸು ಹಗುರವಾಗುತ್ತದೆ ಎಂಬ ವರ್ಣನೆ ಇಂದಿನ ರೋಗಿಗೂ ಒಪ್ಪುವಂಥದ್ದು. ಹೊಸದಾಗಿ ಕಾಣಿಸಿಕೊಂಡದ್ದು ವಾಸಿಯಾದೀತು, ಹಳೆಯದಾದರೆ ಅದು ‘ಯಾಪ್ಯ’, ಅಂದರೆ ಮದ್ದಿನ ಆಸರೆಯಲ್ಲಿ ಸಾಗಿಸಬೇಕಾದ ರೋಗ ಎಂದೂ ಅಲ್ಲಿದೆ. ತೀವ್ರ ಅಸ್ತಮಾಕ್ಕೆ ಇಷ್ಟು ಚೊಕ್ಕವಾದ ಪದ ಬೇರೆ ಸಿಗುವುದು ಕಷ್ಟ.

ಉಬ್ಬಸದಲ್ಲಿ ಎರಡು ತೊಂದರೆಗಳು ಜೊತೆಗೂಡಿರುತ್ತವೆ. ಒಂದು, ಶ್ವಾಸನಾಳಗಳನ್ನು ಸುತ್ತಿರುವ ಸ್ನಾಯು ಬಿಗಿದುಕೊಳ್ಳುವುದು. ಇನ್ನೊಂದು, ನಾಳದ ಒಳಪದರ ಊದಿಕೊಂಡು ಲೋಳೆ ಕಟ್ಟುವುದು. ಮೊದಲನೆಯದನ್ನು ನಿಮಿಷಗಳಲ್ಲಿ ಸಡಿಲಿಸಬಹುದು. ಎರಡನೆಯದು ಇಳಿಯಲು ದಿನಗಳು, ವಾರಗಳು ಬೇಕು. ಕಳೆದ ಇನ್ನೂರು ವರ್ಷಗಳಲ್ಲಿ ವೈದ್ಯರೂ ವ್ಯಾಪಾರಿಗಳೂ ರೋಗಿಗಳೂ ಬೆನ್ನುಹತ್ತಿದ್ದು ಹೆಚ್ಚಾಗಿ ಮೊದಲನೆಯದನ್ನೇ.

ಆಧುನಿಕ ಕಥೆ ಶುರುವಾಗುವುದು ಮದ್ರಾಸಿನಲ್ಲಿ. ಒಣಗಿಸಿ ಜಜ್ಜಿದ ಉಮ್ಮತ್ತಿ ಬೇರನ್ನು ಸೇದಿದರೆ ದಮ್ಮು ಇಳಿಯುತ್ತದೆ ಎಂಬುದು ಇಲ್ಲಿಯ ಜನರಿಗೆ ಗೊತ್ತಿತ್ತು. ಅಲ್ಲಿ ಕಂಪನಿ ಸರ್ಕಾರದ ಹಿರಿಯ ವೈದ್ಯನಾಗಿದ್ದ ಆಂಡರ್ಸನ್ ಇದನ್ನು ಕಂಡುಕೊಂಡ. 1802ರ ಸುಮಾರಿಗೆ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ ಮದ್ದು ಬ್ರಿಟನ್ ಸೇರಿತು. ಅಲ್ಲಿ ತಾನಾಗಿ ಬೆಳೆಯುತ್ತಿದ್ದ ಉಮ್ಮತ್ತಿಯದೇ ಜಾತಿಯ ಇನ್ನೊಂದು ಗಿಡ ಅದರ ಜಾಗಕ್ಕೆ ಬಂತು. ಮುಂದೆ ಈ ಎಲೆಗಳನ್ನು ತುಂಬಿದ ‘ಅಸ್ತಮಾ ಸಿಗರೇಟು’ಗಳೂ ಉರಿಸಿ ಹೊಗೆ ಎಳೆದುಕೊಳ್ಳುವ ಪುಡಿಗಳೂ ಯುರೋಪಿನ ಔಷಧದ ಅಂಗಡಿಗಳಲ್ಲಿ ಸಾಲುಗಟ್ಟಿದವು. ಪ್ಯಾರಿಸ್ಸಿನ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಮುಚ್ಚಿದ ಕೋಣೆಯಲ್ಲಿ ಇಂಥ ಪುಡಿಯ ಹೊಗೆಯ ನಡುವೆಯೇ ಬದುಕಿದವನು. ಉಸಿರಿಲ್ಲದವನಿಗೆ ಹೊಗೆ ಕೊಡುವುದು ಇಂದು ವಿಚಿತ್ರವೆನಿಸಬಹುದು. ಆದರೆ ಮದ್ದು ನೇರವಾಗಿ ಎದೆಯೊಳಗೆ ಇಳಿಯಲು ಅದೊಂದು ಸುಲಭದ ದಾರಿ, ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಮೊದಲಾದ ವಸ್ತುಗಳು ಸ್ನಾಯುವನ್ನು ಸಡಿಲಿಸುವುದೂ ನಿಜ. ತಾನೇ ಅಸ್ತಮಾ ರೋಗಿಯಾಗಿದ್ದ ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ 1860ರ ತನ್ನ ಗ್ರಂಥದಲ್ಲಿ ಹಾಲಿಲ್ಲದ ಗಟ್ಟಿ ಕಾಫಿಯನ್ನು ಹೊಗಳಿದ. ಅದೂ ಬರೀ ನಂಬಿಕೆಯಲ್ಲ. ಕೆಫೀನಿಗೂ ನಾಳ ಹಿಗ್ಗಿಸುವ ಅಲ್ಪ ಗುಣವಿದೆ.

1903ರಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಬಂತು, 1920ರ ದಶಕದಲ್ಲಿ ಚೀನಾದ ಮಾ ಹುವಾಂಗ್ ಗಿಡದ ಎಫೆಡ್ರಿನ್. ಆದರೆ ರೋಗಿಯ ದಿನಚರಿಯನ್ನೇ ಬದಲಿಸಿದ್ದು ಜೇಬಿನಲ್ಲಿ ಹಿಡಿಸುವ ಒಂದು ಡಬ್ಬಿ. ಕೂದಲಿಗೆ ಹಾಕುವ ಸ್ಪ್ರೇಯಂತೆ ತನ್ನ ಮದ್ದೂ ಡಬ್ಬಿಯಲ್ಲಿ ಏಕೆ ಬರಬಾರದು ಎಂದು 13 ವರ್ಷದ ಮಗಳು ಕೇಳಿದಳಂತೆ. ಅಪ್ಪ ಜಾರ್ಜ್ ಮೇಸನ್ ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ. 1956ರಲ್ಲಿ ಒತ್ತಿದಷ್ಟೂ ಸಲ ಅಳತೆಯ ಮದ್ದು ಚಿಮ್ಮುವ ‘ಮೆಡಿಹೇಲರ್’ ಮಾರುಕಟ್ಟೆಗೆ ಬಂತು. ಕನ್ನಡಿಗರು ಇಂದು ‘ಪಂಪು’ ಎನ್ನುವುದು ಇದರ ಸಂತತಿಯನ್ನೇ.

ಹತ್ತು ವರ್ಷ ತುಂಬುವಷ್ಟರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1960ರ ದಶಕದ ಆರಂಭದಿಂದ ಅಸ್ತಮಾ ಸಾವುಗಳು ಏರತೊಡಗಿದವು. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಆ ಏರಿಕೆ ಹಲವು ಪಟ್ಟು. ನಾಳ ಸಡಿಲಿಸುವ ಐಸೊಪ್ರೆನಲಿನ್ ಎಂಬ ಮದ್ದಿನ ಪಂಪು, ಅದರಲ್ಲೂ ಸಾಮಾನ್ಯಕ್ಕಿಂತ ಐದು ಪಟ್ಟು ಹೆಚ್ಚು ಮದ್ದಿದ್ದ ‘ಫೋರ್ಟ್’ ಬಗೆಯ ಪಂಪು, ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದ್ದ ಕಾಲವದು. ಮದ್ದು ಹೃದಯದ ಬಡಿತವನ್ನು ಹದಗೆಡಿಸಿತೇ, ಅಥವಾ ಪಂಪಿನ ಧೈರ್ಯದಲ್ಲಿ ಮಕ್ಕಳು ಆಸ್ಪತ್ರೆ ತಲುಪುವುದೇ ತಡವಾಯಿತೇ ಎಂಬ ವಾದ ಪೂರ್ತಿ ಮುಗಿದಿಲ್ಲ. ಆದರೂ ಒಂದು ಸಂಗತಿ ಗಮನಾರ್ಹ: ‘ಫೋರ್ಟ್’ ಮಾರಾಟವಾಗದಿದ್ದ ಅಮೆರಿಕದಲ್ಲಿ ಸಾವುಗಳು ಹೀಗೆ ಏರಲಿಲ್ಲ. 1967ರಲ್ಲಿ ಎಚ್ಚರಿಕೆ ಹೊರಟಿತು, 1968ರಲ್ಲಿ ಚೀಟಿಯಿಲ್ಲದ ಮಾರಾಟ ನಿಂತಿತು, ಸಾವುಗಳು ಇಳಿದವು. 1969ರಲ್ಲಿ ಬಂದ ಸಾಲ್ಬುಟಮಾಲ್ ಹೃದಯಕ್ಕೆ ಅಷ್ಟು ಹೊರೆಯಾಗದ ಮದ್ದು. ಇಷ್ಟಾದರೂ ಪಾಠ ಮನಸ್ಸಿಗಿಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ಅದೇ ಕಥೆ ಮರುಕಳಿಸಿತು. 1989ರ ಅಧ್ಯಯನವೊಂದು ಬೆರಳು ತೋರಿಸಿದ್ದು ಫೆನೊಟೆರಾಲ್ ಎಂಬ ಮತ್ತೊಂದು ಪಂಪಿನ ಕಡೆಗೆ.

ಊತವನ್ನು ಇಳಿಸುವ ಸ್ಟೀರಾಯ್ಡ್ ಅಷ್ಟರಲ್ಲಿ ಬಂದಿತ್ತು. 1950ರ ದಶಕದಲ್ಲಿ ಮಾತ್ರೆ, ಚುಚ್ಚುಮದ್ದಾಗಿ ಕೊಟ್ಟಾಗ ಸಾಯುವ ಸ್ಥಿತಿಯಲ್ಲಿದ್ದವರು ಚೇತರಿಸಿಕೊಂಡರು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು: ಊದಿದ ಮುಖ, ಸವೆದ ಮೂಳೆ, ಏರಿದ ಸಕ್ಕರೆ, ಕಣ್ಣಿನ ಪೊರೆ, ಕುಂಠಿತವಾದ ಮಕ್ಕಳ ಬೆಳವಣಿಗೆ. ಅದೇ ಜಾತಿಯ ಬೆಕ್ಲೊಮೆಥಾಸೋನ್ 1972ರಲ್ಲಿ ಪಂಪಿನ ರೂಪ ಪಡೆದ ಮೇಲೆ ತೀರ ಕಡಿಮೆ ಪ್ರಮಾಣ ನೇರ ನಾಳಕ್ಕೇ ತಲುಪುವಂತಾಯಿತು. ಅಸ್ತಮಾ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಆದರೆ ಇದನ್ನು ಎಳೆದುಕೊಂಡ ಕೂಡಲೇ ಏನೂ ಅನಿಸದು. ಹಾಗಾಗಿ ಎದೆ ಹಗುರವಾದೊಡನೆ ಬಿಟ್ಟುಬಿಡುವವರೇ ಹೆಚ್ಚು. ‘ಪಂಪು ಹಿಡಿದರೆ ಜೀವನಪೂರ್ತಿ ಬಿಡಲಾಗದು’ ಎಂಬ ಅಂಜಿಕೆ ನಮ್ಮಲ್ಲಿ ಸೋಕುವುದೂ ಈ ಮದ್ದಿಗೇ. ಕ್ಷಣದಲ್ಲಿ ಹಗುರ ಮಾಡುವ ಪಂಪು ಮಾತ್ರ ಜೇಬಿನಲ್ಲೇ ಉಳಿಯುತ್ತದೆ. ಇತ್ತ ರೋಗಿಗಳೂ ಹೆಚ್ಚುತ್ತಿದ್ದರು: ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ನಡೆಸಿದ ಅಧ್ಯಯನದ ಪ್ರಕಾರ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ ಇದ್ದವರು 1979ರಲ್ಲಿ ಶೇ 9, 1999ರಲ್ಲಿ ಶೇ 29.5. ಇನ್ನೊಂದು ಅಂದಾಜು ಇನ್ನೂ ಕಠೋರ: ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದವರು, ಅಸ್ತಮಾ ಸಾವುಗಳಲ್ಲಿ ಭಾರತದ ಪಾಲು ಶೇ 40ಕ್ಕೂ ಹೆಚ್ಚು.

1993ರಿಂದ ಕೆಲಸ ಮಾಡುತ್ತಿರುವ ಜಾಗತಿಕ ಮಾರ್ಗಸೂಚಿ ಸಂಸ್ಥೆ ‘ಜಿನಾ’ 2019ರಲ್ಲಿ ಕೊನೆಗೂ ಹಳೆಯ ರೂಢಿ ಬಿಟ್ಟಿತು. ಊತ ಇಳಿಸುವ ಮದ್ದಿಲ್ಲದೆ ಬರೀ ಸಾಲ್ಬುಟಮಾಲ್ ಜಾತಿಯ ಪಂಪಿನಿಂದ ವಯಸ್ಕರಿಗೂ ಹದಿಹರೆಯದವರಿಗೂ ಚಿಕಿತ್ಸೆ ನಡೆಸಬಾರದು ಎಂದಿತು.

ಸ್ಟೀರಾಯ್ಡ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ, ಸರಿಯಾಗಿ, ಬಿಡದೆ ಎಳೆದುಕೊಂಡರೂ ರೋಗ ಹತೋಟಿಗೆ ಬಾರದಿದ್ದರೆ, ಇಲ್ಲವೇ ಪ್ರಮಾಣ ಇಳಿಸಿದೊಡನೆ ತಿರುಗಿಬಿದ್ದರೆ ಅದು ತೀವ್ರ ಅಸ್ತಮಾ. ರೋಗಿಗಳಲ್ಲಿ ನೂರಕ್ಕೆ 3ರಿಂದ 10 ಮಂದಿ ಈ ಗುಂಪಿನವರು. ಇವರಿಗಾಗಿ ಬಂದ ಜೈವಿಕ ಚುಚ್ಚುಮದ್ದುಗಳಲ್ಲಿ ಮೊದಲನೆಯದಾದ ಒಮಾಲಿಜುಮಾಬ್‌ಗೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಬಂದ ಮೆಪೊಲಿಜುಮಾಬ್ ಮೊದಲ ಪರೀಕ್ಷೆಗಳಲ್ಲಿ ಸೋತಿತ್ತು. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿರುವ ರೋಗಿಗಳನ್ನೇ ಆರಿಸಿ ಕೊಟ್ಟಾಗ ಗೆದ್ದಿತು. ಉಬ್ಬಸ ಒಂದೇ ರೋಗವಲ್ಲ, ಹಲವು ರೋಗಗಳಿಗಿರುವ ಒಂದೇ ಹೆಸರು ಎಂಬ ಅನುಮಾನ ಆಗ ಗಟ್ಟಿಯಾಯಿತು. ಇವುಗಳ ಬೆಲೆ ನಮ್ಮ ದೇಶದ ಬಹುಪಾಲು ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಹೆಚ್ಚು ಜನರಿಗೆ ಸಿಗಬಹುದಾದದ್ದು ಇನ್ನೊಂದು ಮದ್ದು, ಸ್ಟೀರಾಯ್ಡ್ ಪಂಪಿಗೆ ಜೊತೆಯಾಗಿ ಕೊಡುವ ಟಿಯೊಟ್ರೋಪಿಯಂ. ಅದರ ರಾಸಾಯನಿಕ ಕುಲ ಅಟ್ರೋಪಿನ್ನಿನದು, ಮದ್ರಾಸಿನಿಂದ ಹಡಗು ಹತ್ತಿದ ಉಮ್ಮತ್ತಿಯದು.