ಎತ್ತಿಗೆ ಜ್ವರ, ಸೆನ್ಸರ್‌ಗೆ ಬರೆ

ಹದಿನೈದು ವರ್ಷ ಹಳೆಯ ಪೆಟ್ರೋಲ್ ಕಾರು. ಸ್ಪೀಡೋಮೀಟರ್ ಪಕ್ಕದಲ್ಲಿ ಎಂಜಿನ್ ಆಕಾರದ ಕಿತ್ತಳೆ ದೀಪ ಹೊತ್ತಿಕೊಂಡಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದರೆ ‘ಪಿ0171’ ಎಂಬ ಕೋಡ್ ಬರುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಬದಲಾಯಿಸಿಬಿಡಿ.’ ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ಹಾಕಿಸಿದ ವಾರಕ್ಕೇ ದೀಪ ಮತ್ತೆ ಹೊತ್ತುತ್ತದೆ. ಹಳೆಯ ಸೆನ್ಸರ್‌ನಲ್ಲಿ ದೋಷವೇ ಇರಲಿಲ್ಲ. ಬಿರುಕು ಬಿಟ್ಟಿದ್ದದ್ದು ಎಂಜಿನ್ನಿನ ಒಂದು ರಬ್ಬರ್ ಹೋಸ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ತಪ್ಪು ಇಷ್ಟು ಸಾಮಾನ್ಯವಾದದ್ದು ಹೇಗೆಂದು ತಿಳಿಯಲು ಆ ದೀಪ ಕಾರಿನೊಳಗೆ ಬಂದ ದಾರಿಯನ್ನು ನೋಡಬೇಕು.

ದಾರಿ ಶುರುವಾಗುವುದು ಲಾಸ್ ಏಂಜಲೀಸ್‌ನಲ್ಲಿ. 1940ರ ದಶಕದಿಂದ ಆ ನಗರವನ್ನು ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಕಾರುಗಳ ಹೊಗೆ ಬಿಸಿಲಿನಲ್ಲಿ ಮಾರ್ಪಟ್ಟು ಹೀಗಾಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್. ಮುಂದೆ ಕ್ಯಾಲಿಫೋರ್ನಿಯಾ ಬಿಗಿ ಕಾನೂನುಗಳನ್ನು ತಂದಿತು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಆದರೆ ಮೂರು ಬಗೆಯ ವಿಷಾನಿಲಗಳನ್ನು ಒಟ್ಟಿಗೆ ತಡೆಯುವ ಕನ್ವರ್ಟರ್‌ಗೆ ಒಂದು ಷರತ್ತಿತ್ತು: ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ, ಹೆಚ್ಚುಕಡಿಮೆ ಆಗಬಾರದು. ಆ ಕರಾರುವಾಕ್ಕುತನ ಸಾಮಾನ್ಯ ಕಾರ್ಬ್ಯುರೇಟರ್‌ನ ಅಳವಿಗೆ ಮೀರಿದ್ದು.

1976ರಲ್ಲಿ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ವೋಲ್ವೊ ಕಾರಿನಲ್ಲಿ ಬಂತು. ಸೈಲೆನ್ಸರ್ ಪೈಪಿನೊಳಗೆ ಕೂರುವ ಜಿರ್ಕೋನಿಯಾ ಪಿಂಗಾಣಿಯ ಪುಟ್ಟ ಟೊಪ್ಪಿಗೆ ಅದು. ಹೊರಗೆ ಬಿಸಿ ಹೊಗೆ, ಒಳಗೆ ಸಾದಾ ಗಾಳಿ. ಸುಮಾರು 300 ಡಿಗ್ರಿ ದಾಟಿ ಕಾದಾಗ, ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸ ವಿದ್ಯುತ್ತಾಗುತ್ತದೆ. ಹೊಗೆಯಲ್ಲಿ ಆಮ್ಲಜನಕ ತೀರಾ ಕಡಿಮೆಯಿದ್ದರೆ ಸುಮಾರು 0.9 ವೋಲ್ಟ್, ಹೆಚ್ಚಿದ್ದರೆ 0.1. ಅದನ್ನು ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸುತ್ತದೆ.

ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ; ಹೊಗೆಯಲ್ಲಿ ಉಳಿದ ಆಮ್ಲಜನಕವಷ್ಟೇ ಗೊತ್ತು. ಸ್ಪಾರ್ಕ್ ಪ್ಲಗ್ ಕೈಕೊಟ್ಟು ಪೆಟ್ರೋಲ್ ಉರಿಯದೆ ಹೋದರೆ ಆಮ್ಲಜನಕವೂ ಉಳಿಯುತ್ತದೆ, ಆಗಲೂ ಅದು ‘ಗಾಳಿ ಹೆಚ್ಚು’ ಎನ್ನುತ್ತದೆ. ಸೆನ್ಸರ್‌ಗಿಂತ ಮೊದಲು ಪೈಪಿನಲ್ಲಿ ಸಂದು ಬಿಟ್ಟಿದ್ದರೆ ಹೊರಗಿನ ಗಾಳಿ ನುಗ್ಗಿ, ಆಗಲೂ ಅದೇ ಮಾತು.

1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ದೋಷ ಓದಲು ಒಂದು ತುಂಡು ತಂತಿ ಸಾಕಿತ್ತು. ಡ್ಯಾಶ್‌ಬೋರ್ಡ್ ಕೆಳಗಿನ ಕನೆಕ್ಟರ್‌ನ ಎರಡು ಪಿನ್ನುಗಳನ್ನು ಅದರಿಂದ ಜೋಡಿಸಿದರೆ ‘ಚೆಕ್ ಎಂಜಿನ್’ ದೀಪ ಮಿನುಗಿ ಸಂಖ್ಯೆ ಹೇಳುತ್ತಿತ್ತು. 13 ಎಂದರೆ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ತೊಂದರೆ. 44 ಎಂದರೆ ಸೆನ್ಸರ್ ‘ಗಾಳಿ ಹೆಚ್ಚು’ ಎನ್ನುತ್ತಿದೆ. ಮೆಕ್ಯಾನಿಕ್ ಆ ಸಂಖ್ಯೆ ಹಿಡಿದು ಸರ್ವಿಸ್ ಪುಸ್ತಕ ತೆರೆಯಬೇಕಿತ್ತು. ಅಲ್ಲಿ ಒಂದೊಂದು ಕೋಡಿಗೂ ಒಂದರ ಹಿಂದೊಂದು ಪರೀಕ್ಷೆಗಳ ಪಟ್ಟಿ. ಕೋಡ್ ಎಂದರೆ ಆ ಪುಟದ ವಿಳಾಸ.

1988ರಲ್ಲಿ ಕ್ಯಾಲಿಫೋರ್ನಿಯಾ ಇಂಥ ಸ್ವಯಂ ತಪಾಸಣೆಯನ್ನು ಕಡ್ಡಾಯ ಮಾಡಿತು. 1996ರ ಮಾಡೆಲ್‌ಗಳಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಕನೆಕ್ಟರ್, ಒಂದೇ ಕೋಡ್ ಭಾಷೆ: ಒಬಿಡಿ-2. ರಿಪೇರಿಗೆ ಬೇಕಾದ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು 1990ರ ಕಾನೂನು ಹೇಳಿತ್ತು. ದೊಡ್ಡ ಗೆಲುವೇ ಸರಿ. ಆದರೆ ಸ್ಕ್ಯಾನರ್ ಅಗ್ಗವಾಗುತ್ತ ಹೋದಂತೆ ವಿಳಾಸ ಎಲ್ಲರ ಕೈಗೆ ಸಿಕ್ಕಿತು, ಪುಟ ತೆರೆಯುವ ರೂಢಿ ಹಿಂದೆ ಬಿತ್ತು.

ಭಾರತಕ್ಕೆ ಇದು ತಡವಾಗಿ ಬಂತು. ಸೀಸ ಬೆರೆತ ಪೆಟ್ರೋಲ್ ಕನ್ವರ್ಟರನ್ನೂ ಸೆನ್ಸರನ್ನೂ ಕೆಡಿಸುತ್ತದೆ. ಸೀಸರಹಿತ ಪೆಟ್ರೋಲ್ ನಾಲ್ಕು ಮಹಾನಗರಗಳಿಗೆ ಬಂದದ್ದು 1995ರಲ್ಲಿ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶಕ್ಕೆ ಯೂರೊ ಮಾನದಂಡಗಳನ್ನು ವಿಧಿಸಿದ ಮೇಲೆ ಕಾರ್ಬ್ಯುರೇಟರ್ ಕಾರುಗಳ ಕಾಲ ಮುಗಿಯುತ್ತ ಬಂತು. 2010ರ ಏಪ್ರಿಲ್‌ನಲ್ಲಿ ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿ 13 ನಗರಗಳಲ್ಲಿ ಬಿಎಸ್-4 ಜಾರಿಯಾದಾಗ ಒಬಿಡಿಯೂ ಜೊತೆಗೆ ಬಂತು. ಇಂದು ಹದಿನೈದು ತುಂಬುತ್ತಿರುವ ಕಾರುಗಳು ಆ ಮೊದಲ ಪೀಳಿಗೆಯವು. ಅವುಗಳ ರಬ್ಬರ್ ಈಗ ಒಣಗಿ ಬಿರುಕು ಬಿಡುವ ವಯಸ್ಸಿನದು.

ಪುಸ್ತಕದ ಆ ಪರೀಕ್ಷೆಗಳು ಇಂದಿಗೂ ಹಳತಾಗಿಲ್ಲ. ಮೊದಲು ಹೋಸುಗಳು, ಪೈಪಿನ ಸಂದುಗಳು. ಆಮೇಲೆ ಮಿಶ್ರಣಕ್ಕೆ ಬೇಕೆಂದೇ ಇಂಧನ ಹೆಚ್ಚಿಸಿದಾಗ ಹಳೆಯ ಬಗೆಯ ಸೆನ್ಸರ್‌ನ ವೋಲ್ಟೇಜ್ ಥಟ್ಟನೆ 0.9ರತ್ತ ಏರಬೇಕು, ಒಂದು ಹೋಸ್ ಕಳಚಿ ಗಾಳಿ ಬಿಟ್ಟಾಗ 0.1ರತ್ತ ಇಳಿಯಬೇಕು. ಎರಡೂ ಆದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಅಲುಗದಿದ್ದರೆ, ತೀರಾ ನಿಧಾನವಾದರೆ, ಆಗ ಅದರ ವೈರು, ಹೀಟರ್, ಕೊನೆಗೆ ಸೆನ್ಸರ್ ಮೇಲೆ ಅನುಮಾನ. ಇಷ್ಟಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ.

ಕಾರ್ಬ್ಯುರೇಟರ್ ಕಾಲದ ಮೇಸ್ತ್ರಿಗಳು ಕಿವಿಗೊಟ್ಟು, ಮೂಸಿ, ಪ್ಲಗ್ಗಿನ ಮಸಿ ನೋಡಿ ರೋಗ ಹಿಡಿಯುತ್ತಿದ್ದರು. ಬಿರುಕು ಬಿಟ್ಟ ಹೋಸಿನ ‘ಸುಂಯ್’ ಸದ್ದು ಆ ಕಿವಿಗೆ ಈಗಲೂ ಕೇಳಿಸುತ್ತದೆ, ಬಾನೆಟ್ ಎತ್ತಿದರೆ.