ಪೀಪಾಯಿಗೆ ಯಾವ ಗಾಳಿ?

ಬಾರ್ಲಿ, ನೀರು, ಹಾಪ್ ಹೂವು, ಯೀಸ್ಟ್. ಬಿಯರ್ ತಯಾರಿಸಲು ಬೇಕಾದದ್ದು ಈ ನಾಲ್ಕೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಐದನೆಯದೊಂದಿದೆ. ಅದು ಕಣ್ಣಿಗೆ ಕಾಣದ ಕಾರಣ ಲೆಕ್ಕಕ್ಕೆ ಬಂದಿಲ್ಲ. ಅದೇ ಗಾಳಿ. ಲೋಟದಲ್ಲಿ ನೊರೆ ಏಳಿಸುವುದು, ನಾಲಿಗೆಗೆ ಚುರುಕು ಮುಟ್ಟಿಸುವುದು, ಪೀಪಾಯಿಯ ತಳದಿಂದ ಬಿಯರನ್ನು ನಲ್ಲಿಯವರೆಗೆ ತಳ್ಳುವುದು ಎಲ್ಲವೂ ಅದರ ಕೆಲಸ.

ಬ್ರಿಟನ್, ಅಮೆರಿಕದಂತಹ ದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು ಸಾವಿರಾರು ಮಂದಿ. ಬಾಟಲಿ ತೊಳೆದು ಬೇಸತ್ತು ಉಕ್ಕಿನ ಪೀಪಾಯಿಗೆ ಬದಲಾಯಿಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಯಾವ ಗಾಳಿ ತುಂಬುವುದು, ಎಲ್ಲಿಂದ ತರುವುದು?’ ಎಂಬುದು. ನೋಡಲು ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ಎರಡೂವರೆ ಶತಮಾನದ ಚರಿತ್ರೆಯಿದೆ. ಒಬ್ಬ ಪಾದ್ರಿಯ ಪ್ರಯೋಗ, ಒಬ್ಬ ಗಣಿತಜ್ಞನ ಜಾಣ್ಮೆ, ಇಂಗ್ಲೆಂಡಿನ ಕುಡುಕರ ದೀರ್ಘ ಜಗಳ ಎಲ್ಲವೂ ಅದರಲ್ಲಿ ಸೇರಿವೆ.

ಪಾದ್ರಿಯ ಪಕ್ಕದ ಮನೆ

ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವುದರೊಳಗೆ ಉಬ್ಬಿರುತ್ತದೆ. ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿರುವ ಸಕ್ಕರೆಯಂಶವನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಬಿಡುವುದೇ ಇದಕ್ಕೆ ಕಾರಣ. ಬಿಯರ್ ಹುದುಗುವ ತೊಟ್ಟಿಯಲ್ಲಿ ಯೀಸ್ಟ್ ಮಾಡುವುದೂ ಇದನ್ನೇ. ಸಕ್ಕರೆಯನ್ನು ಮದ್ಯಸಾರವಾಗಿಯೂ ಈ ಅನಿಲವಾಗಿಯೂ ಒಡೆಯುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಈ ಅನಿಲವನ್ನು ಗುರುತಿಸಿ ಅದಕ್ಕೆ ‘ಸ್ಥಿರ ವಾಯು’ ಎಂಬ ಅರ್ಥದ ಹೆಸರಿಟ್ಟ.

1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಬಂದ. ಅವನ ಬಿಡಾರದ ಪಕ್ಕದಲ್ಲೇ ಬಿಯರ್ ಭಟ್ಟಿ ಇತ್ತು. ಹುದುಗುವ ತೊಟ್ಟಿಗಳ ಮೇಲೆ ಗಾಳಿಗಿಂತ ಭಾರವಾದ ಅನಿಲದ ಪದರವೊಂದು ನಿಂತಿರುವುದನ್ನೂ ಅದರೊಳಗೆ ಇಳಿಸಿದ ದೀಪ ಆರಿಹೋಗುವುದನ್ನೂ ಅವನು ಗಮನಿಸಿದ. ಆ ಪದರದಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿದಾಗ ನೀರಿಗೆ ಹಿತವಾದ ಹುಳಿಚುರುಕು ಬಂದಿತು. ಮುಂದೆ ಸೀಮೆಸುಣ್ಣಕ್ಕೆ ಗಂಧಕಾಮ್ಲ ಬೆರೆಸಿ ಅದೇ ಅನಿಲ ಪಡೆಯುವ ವಿಧಾನವನ್ನು 1772ರಲ್ಲಿ ಪ್ರಕಟಿಸಿದ. ಹಡಗಿನವರ ಸ್ಕರ್ವಿ ರೋಗಕ್ಕೆ ಇದು ಮದ್ದಾದೀತು ಎಂಬ ಆಸೆ ಸುಳ್ಳಾಯಿತು. ಆದರೆ ಸೋಡಾ ಉಳಿಯಿತು. ಜಿನೀವಾದಲ್ಲಿದ್ದ ಯೋಹಾನ್ ಯಾಕೋಬ್ ಶ್ವೆಪ್ 1783ರಲ್ಲಿ ಅದನ್ನು ವ್ಯಾಪಾರವಾಗಿಸಿದ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಗೋಲಿ ಬಿಗಿದ ಬಾಟಲಿಗೆ ಹಕ್ಕುಪತ್ರ ಪಡೆದ. ನಮ್ಮ ಊರುಗಳ ಜಾತ್ರೆ, ಬಸ್ ನಿಲ್ದಾಣಗಳಲ್ಲಿ ‘ಠಸ್’ ಎನ್ನುವ ಗೋಲಿ ಸೋಡಾದ ವಂಶ ಹೀಗೆ ಬಿಯರ್ ಭಟ್ಟಿಗೆ ಹೋಗಿ ಮುಟ್ಟುತ್ತದೆ.

ಇದೇ ಪ್ರೀಸ್ಟ್ಲಿ 1774ರಲ್ಲಿ ಆಮ್ಲಜನಕವನ್ನೂ ಬೇರ್ಪಡಿಸಿದ. ಬಿಯರಿನ ಮಿತ್ರನನ್ನೂ ಶತ್ರುವನ್ನೂ ಒಬ್ಬನೇ ಬಯಲಿಗೆ ತಂದಂತಾಯಿತು. ಆಮ್ಲಜನಕ ತಗುಲಿದ ಬಿಯರ್ ಹಳಸುತ್ತದೆ; ಒದ್ದೆ ರಟ್ಟಿನ ವಾಸನೆ ಬರುತ್ತದೆ.

ಮರದಿಂದ ಉಕ್ಕಿಗೆ

ಹಿಂದಿನ ಕಾಲದಲ್ಲಿ ಬಿಯರ್ ಮರದ ಪೀಪಾಯಿಯಲ್ಲೇ ಕೊನೆಯ ಹಂತದ ಹುದುಗುವಿಕೆಯನ್ನು ಮುಗಿಸುತ್ತಿತ್ತು. ಅಲ್ಲಿ ಹುಟ್ಟಿದ ಅನಿಲವೇ ಅದರ ಜೀವ. ಬಿಯರನ್ನು ಕೈಪಂಪಿನಿಂದ ಮೇಲೆಳೆದಷ್ಟೂ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತಿತ್ತು. ಹಾಗಾಗಿ ಪೀಪಾಯಿ ತೆರೆದ ಮೂರು ನಾಲ್ಕು ದಿನಗಳಲ್ಲಿ ಮುಗಿಸಲೇಬೇಕು, ಇಲ್ಲವಾದರೆ ಹುಳಿ. ವ್ಯಾಪಾರ ಕಡಿಮೆಯಿದ್ದ ಅಂಗಡಿಗೆ ಇದು ನಷ್ಟದ ಬಾಬತ್ತು.

ಈ ಸಮಸ್ಯೆಗೆ ಉತ್ತರ ಪ್ರಯೋಗಶಾಲೆಯಿಂದ ಬಂದಿತು. 1823ರಲ್ಲಿ ಮೈಕೆಲ್ ಫ್ಯಾರಡೆ ಇಂಗಾಲದ ಡೈ ಆಕ್ಸೈಡನ್ನು ಒತ್ತಡದಲ್ಲಿ ದ್ರವವಾಗಿಸಿ ತೋರಿಸಿದ್ದ. ದ್ರವವಾದರೆ ಬಹಳಷ್ಟು ಅನಿಲವನ್ನು ಸಣ್ಣ ಉಕ್ಕಿನ ಸಿಲಿಂಡರಿನಲ್ಲಿ ಹೊತ್ತೊಯ್ಯಬಹುದು. 1880ರ ದಶಕದಲ್ಲಿ ಜರ್ಮನಿಯಲ್ಲಿ ಇಂತಹ ಸಿಲಿಂಡರುಗಳು ಬಿಯರ್ ಅಂಗಡಿಗೆ ಬಂದವು. ಈಗ ಪೀಪಾಯಿಯೊಳಗೆ ಗಾಳಿಯ ಬದಲು ಬಿಯರಿನದೇ ಅನಿಲ ತುಂಬುತ್ತಿತ್ತು. ಬಿಯರ್ ವಾರಗಟ್ಟಲೆ ಕೆಡದೆ ನಿಲ್ಲುವಂತಾಯಿತು.

ಇಂಗ್ಲೆಂಡಿನಲ್ಲಿ ಈ ಬದಲಾವಣೆ ನಿಧಾನವಾಗಿ ಬಂದು ಜೋರಾಗಿ ಜಗಳಕ್ಕೆ ಕಾರಣವಾಯಿತು. 1960ರ ದಶಕದಲ್ಲಿ ದೊಡ್ಡ ಕಂಪೆನಿಗಳು ಬಿಯರನ್ನು ಸೋಸಿ, ಪ್ಯಾಶ್ಚರೀಕರಿಸಿ, ಲೋಹದ ಪೀಪಾಯಿಗೆ ತುಂಬಿ ಅನಿಲದೊತ್ತಡದಿಂದ ಹೊರದೂಡಲಾರಂಭಿಸಿದವು. ವಾಟ್ನೀಸ್ ರೆಡ್ ಬ್ಯಾರೆಲ್ ಇವುಗಳಲ್ಲಿ ಪ್ರಸಿದ್ಧ. ಎಲ್ಲೆಡೆ ಒಂದೇ ರುಚಿ, ಕೆಡುವ ಭಯವಿಲ್ಲ ಎಂಬುದು ಕಂಪೆನಿಗಳ ವಾದ. ಜೀವ ಸತ್ತ ಬಿಯರಿಗೆ ಗಾಳಿ ಹೊಡೆದು ಮಾರುತ್ತಾರೆ ಎಂಬುದು ಹಳೆಯ ರುಚಿಯವರ ದೂರು. 1971ರಲ್ಲಿ ಐರ್ಲೆಂಡ್ ಪ್ರವಾಸದಲ್ಲಿದ್ದ ನಾಲ್ವರು ಯುವಕರು ಸಂಘಟನೆಯೊಂದನ್ನು ಹುಟ್ಟುಹಾಕಿದರು. ಅದೇ ‘ಕಾಮ್ರಾ’ ಎಂದು ಹೆಸರಾದ ಬಳಕೆದಾರರ ಚಳವಳಿ. ಅವರ ಪ್ರಕಾರ ನಿಜವಾದ ಏಲ್ ಬಿಯರ್ ಎಂದರೆ ಪೀಪಾಯಿಯಲ್ಲೇ ಹುದುಗಿ ಮಾಗಬೇಕು, ಹೊರಗಿನ ಅನಿಲದ ಸಹಾಯವಿಲ್ಲದೆ ಲೋಟಕ್ಕೆ ಬರಬೇಕು.

ಈ ಮಡಿ ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ, ಪೀಪಾಯಿಯಲ್ಲಿ ಖಾಲಿಯಾದ ಜಾಗಕ್ಕೆ ಒತ್ತಡವಿಲ್ಲದೆ ಇಂಗಾಲದ ಡೈ ಆಕ್ಸೈಡ್ ಬಿಡುವ ಪುಟ್ಟ ಕವಾಟವನ್ನೂ ಕಾಮ್ರಾ ದಶಕಗಳ ಕಾಲ ಒಪ್ಪಲಿಲ್ಲ. ಬಿಯರ್ ಉಳಿಯುತ್ತದಲ್ಲ ಎಂದು ಅಂಗಡಿಯವರು ಕೇಳಿದರು. ನಿಯಮ ಉಳಿಯುವುದಿಲ್ಲವಲ್ಲ ಎಂದು ಸದಸ್ಯರು ಮರುನುಡಿದರು. ಕೊನೆಗೆ 2018ರ ವಾರ್ಷಿಕ ಸಭೆಯಲ್ಲಿ ಈ ಕವಾಟದ ವಿಷಯದಲ್ಲಿ ತಟಸ್ಥವಾಗಿರಲು ಕಾಮ್ರಾ ತೀರ್ಮಾನಿಸಿತು.

ಗಣಿತಜ್ಞನ ಬೆರಕೆ

ಅತ್ತ ಡಬ್ಲಿನ್‌ನ ಗಿನ್ನೆಸ್ ಕಂಪೆನಿಗೆ ಬೇರೆಯದೇ ತೊಂದರೆ. ಅದರ ಕಪ್ಪು ಬಿಯರಿಗೆ ಕೆನೆಯಂತಹ ನೊರೆ ಬೇಕು, ಆದರೆ ನಾಲಿಗೆ ಕಚ್ಚುವ ಚುರುಕು ಬೇಡ. ಬರಿ ಇಂಗಾಲದ ಡೈ ಆಕ್ಸೈಡಿನ ಒತ್ತಡ ಏರಿಸಿದರೆ ಅದು ಬಿಯರಿನಲ್ಲಿ ಕರಗಿ ಸೋಡಾದಂತಾಗುತ್ತಿತ್ತು. ಕೇಂಬ್ರಿಜ್‌ನಲ್ಲಿ ಗಣಿತ ಓದಿದ್ದ ಮೈಕೆಲ್ ಆಶ್ ಇದಕ್ಕೆ ಸಾರಜನಕವನ್ನು ಹಿಡಿದುಕೊಂಡ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಈ ಅನಿಲ ದ್ರವದಲ್ಲಿ ಕರಗುವುದು ತೀರಾ ಕಡಿಮೆ. ಕರಗಿದ ಅಲ್ಪಸ್ವಲ್ಪವೂ ನಲ್ಲಿಯ ಸಣ್ಣ ರಂಧ್ರಗಳಿಂದ ಹೊರಬರುವಾಗ ಅತಿ ಸೂಕ್ಷ್ಮ ಗುಳ್ಳೆಗಳಾಗಿ ನೊರೆ ಕಟ್ಟುತ್ತದೆ. 1959ರಲ್ಲಿ, ಕಂಪೆನಿಯ ಇನ್ನೂರನೆಯ ವರ್ಷದಲ್ಲಿ, ಈ ವಿಧಾನ ಮಾರುಕಟ್ಟೆಗೆ ಬಂದಿತು. ಇಂದಿಗೂ ಇಂತಹ ಬಿಯರುಗಳಿಗೆ ಸುಮಾರು ಮುಕ್ಕಾಲು ಪಾಲು ಸಾರಜನಕ, ಕಾಲು ಪಾಲು ಇಂಗಾಲದ ಡೈ ಆಕ್ಸೈಡ್ ಬೆರೆಸಿದ ಅನಿಲ ಬಳಕೆಯಲ್ಲಿದೆ.

ಅಡಿಗೆಮನೆಗೆ ಬಂದ ಪೀಪಾಯಿ

ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಬೇಕಿದ್ದ ಪರವಾನಗಿಯನ್ನು 1963ರಲ್ಲಿ ರದ್ದುಗೊಳಿಸಲಾಯಿತು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಮುಗಿದರೂ ಮನೆಯ ಬಿಯರ್ ಕಾನೂನಿನ ಹೊರಗೇ ಉಳಿದಿತ್ತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಒಂದು ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್‌ವರೆಗೆ ಅವಕಾಶ ನೀಡಿತು. ಆದರೂ ರಾಜ್ಯಗಳ ಕಾನೂನು ಬೇರೆ; ಅಲಬಾಮಾ ಮತ್ತು ಮಿಸಿಸಿಪಿ ಒಪ್ಪಿದ್ದು 2013ರಲ್ಲಿ.

ಹವ್ಯಾಸಿಗಳಿಗೆ ಪೀಪಾಯಿ ಸಿಕ್ಕಿದ್ದು ತಂಪು ಪಾನೀಯದವರ ಕೃಪೆಯಿಂದ. ಪೆಪ್ಸಿ, ಕೋಕಾ ಕೋಲಾ ಅಂಗಡಿಗಳಿಗೆ ಪಾಕ ಸರಬರಾಜಾಗುತ್ತಿದ್ದುದು 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಉಕ್ಕಿನ ಡಬ್ಬಿಗಳಲ್ಲಿ. ಪಾಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವ ಪದ್ಧತಿ ಬಂದಾಗ ಈ ಡಬ್ಬಿಗಳು ಹಳೆಯ ಸಾಮಾನಾಗಿ ಅಗ್ಗಕ್ಕೆ ಬಿಕರಿಯಾದವು. ಅವುಗಳಲ್ಲಿ ಅನಿಲಕ್ಕೊಂದು, ದ್ರವಕ್ಕೊಂದು ದ್ವಾರ ಮೊದಲೇ ಇತ್ತು.

ಇನ್ನು ಅನಿಲದ ಆಯ್ಕೆ. ಕೈಪಂಪಿನಿಂದ ಗಾಳಿ ಒತ್ತುವುದು ಅಗ್ಗ. ಆದರೆ ಆಮ್ಲಜನಕವೂ ಒಳಗೆ ಹೋಗುವುದರಿಂದ ಬಿಯರನ್ನು ಒಂದೆರಡು ದಿನದಲ್ಲಿ ಖಾಲಿ ಮಾಡಬೇಕು. ಬೆರಳುದ್ದದ 8 ಅಥವಾ 16 ಗ್ರಾಮಿನ ಅನಿಲಗುಂಡು ಪ್ರವಾಸಕ್ಕೆ ಸರಿ, ದಿನಬಳಕೆಗೆ ದುಬಾರಿ. ಸಕ್ಕರೆ ಹಾಕಿ ಪೀಪಾಯಿಯಲ್ಲೇ ಹುದುಗಿಸಿದರೆ ಚುರುಕು ತಾನಾಗಿ ಬರುತ್ತದೆ, ಆದರೆ ಕೊನೆಯವರೆಗೆ ತಳ್ಳುವ ಶಕ್ತಿ ಇರುವುದಿಲ್ಲ. ಹೀಗಾಗಿ ಹೆಚ್ಚಿನವರು ಬಂದು ನಿಲ್ಲುವುದು ಇಂಗಾಲದ ಡೈ ಆಕ್ಸೈಡಿನ ಸಿಲಿಂಡರಿಗೆ. 19 ಲೀಟರ್ ಬಿಯರಿಗೆ ಚುರುಕು ಕೊಟ್ಟು ಪೂರ್ತಿ ಹೊರತಳ್ಳಲು ಸುಮಾರು 150 ಗ್ರಾಂ ಅನಿಲ ಸಾಕು. 5 ಪೌಂಡಿನ, ಅಂದರೆ ಎರಡೂಕಾಲು ಕಿಲೋ ಸಿಲಿಂಡರು ಸೋರದಿದ್ದರೆ ಹತ್ತಕ್ಕೂ ಹೆಚ್ಚು ಪೀಪಾಯಿಗೆ ಬರುತ್ತದೆ. ಕಪ್ಪು ಬಿಯರಿನ ಮೋಹವಿದ್ದವರಿಗೆ ಮಾತ್ರ ಸಾರಜನಕದ ಬೆರಕೆ ಬೇಕು; ಅದಕ್ಕೆ ಸಿಲಿಂಡರೂ ರೆಗ್ಯುಲೇಟರೂ ಬೇರೆ.

ಹೊಸಬರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಕೊನೆಯಾಗುವವರೆಗೂ ಒತ್ತಡದ ಮುಳ್ಳು ಅಲುಗಾಡುವುದಿಲ್ಲ. ಕೋಣೆಯ ಉಷ್ಣತೆ 20 ಡಿಗ್ರಿ ಇದ್ದರೆ ತುಂಬಿದ ಸಿಲಿಂಡರಿನಲ್ಲೂ ಮುಕ್ಕಾಲು ಖಾಲಿಯಾದದ್ದರಲ್ಲೂ ವಾಯುಮಂಡಲದ ಸುಮಾರು 57 ಪಟ್ಟು ಒತ್ತಡವೇ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಅಡಿಗೆ ಅನಿಲದ ಸಿಲಿಂಡರಿನಂತೆ ತೂಗಿಯೇ ನೋಡಬೇಕು. ಅದನ್ನು ಯಾವಾಗಲೂ ನೆಟ್ಟಗೇ ನಿಲ್ಲಿಸಬೇಕು; ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಅಪಾಯವೂ ಸಣ್ಣದಲ್ಲ. 10 ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಎರಡೂಕಾಲು ಕಿಲೋ ಅನಿಲ ಸೋರಿದರೆ ಅಲ್ಲಿನ ಗಾಳಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕಾಗುತ್ತದೆ. ತಲೆನೋವು, ಏದುಸಿರು ಶುರುವಾಗಲು ಇಷ್ಟು ಸಾಕು. ಭಾರವಾದ ಅನಿಲ ತಗ್ಗಿನಲ್ಲಿ ಕೂಡುವುದರಿಂದ ನೆಲಮಾಳಿಗೆಯಲ್ಲಿ ಪ್ರಾಣಕ್ಕೇ ಸಂಚಕಾರ. ಪ್ರೀಸ್ಟ್ಲಿಯ ದೀಪ ಆರಿದ್ದು ಇದೇ ಅನಿಲದಲ್ಲಿ.

ಗೊಬ್ಬರ ನಿಂತರೆ ಬಿಯರೂ ಇಲ್ಲ

2018ರ ಜೂನ್. ವಿಶ್ವಕಪ್ ಫುಟ್‌ಬಾಲ್ ಕಾವೇರಿದ್ದ ಹೊತ್ತಿನಲ್ಲೇ ಬ್ರಿಟನ್ನಿನಲ್ಲಿ ಬಿಯರಿಗೆ ಅನಿಲದ ಅಭಾವ ತಲೆದೋರಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಗೊಬ್ಬರ ಕಾರ್ಖಾನೆ. ನೈಸರ್ಗಿಕ ಅನಿಲದಿಂದ ಅಮೋನಿಯ ತಯಾರಿಸುವಾಗ ಇಂಗಾಲದ ಡೈ ಆಕ್ಸೈಡ್ ಉಪ ಉತ್ಪನ್ನವಾಗಿ ದೊರೆಯುತ್ತದೆ. ಅದನ್ನೇ ಶುದ್ಧಗೊಳಿಸಿ ಸೋಡಾ, ಬಿಯರ್, ಮಾಂಸದ ಉದ್ಯಮಗಳಿಗೆ ಮಾರುತ್ತಾರೆ. ಆ ಬೇಸಿಗೆಯಲ್ಲಿ ಯುರೋಪಿನ ಹಲವು ಅಮೋನಿಯ ಕಾರ್ಖಾನೆಗಳು ದುರಸ್ತಿಗಾಗಿ ಒಟ್ಟಿಗೇ ಬಾಗಿಲು ಹಾಕಿದ್ದವು. 2021ರ ಸೆಪ್ಟೆಂಬರಿನಲ್ಲಿ ನೈಸರ್ಗಿಕ ಅನಿಲದ ಬೆಲೆ ಏರಿ ಇಂಗ್ಲೆಂಡಿನ ಎರಡು ಗೊಬ್ಬರ ಕಾರ್ಖಾನೆಗಳು ನಿಂತಾಗ ಮತ್ತೆ ಅದೇ ಪಾಡು. ಒಂದನ್ನು ಪುನಃ ನಡೆಸಲು ಸರ್ಕಾರವೇ ಹಣ ಕೊಡಬೇಕಾಯಿತು.

ಬಿಯರಿನಲ್ಲಿ ಮದ್ಯಸಾರ ಹುಟ್ಟಿದಷ್ಟೇ ತೂಕದ ಅನಿಲವೂ ಹೆಚ್ಚುಕಡಿಮೆ ಹುಟ್ಟುತ್ತದೆ. ನೂರಕ್ಕೆ ಐದರ ಮದ್ಯಸಾರವಿರುವ 19 ಲೀಟರ್ ಬಿಯರ್ ಹುದುಗುವಾಗ ಹೊರಬರುವ ಅನಿಲ ಸುಮಾರು 700 ಗ್ರಾಂ. ಬೇಕಾದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ದೊಡ್ಡ ಭಟ್ಟಿಗಳಲ್ಲಿ ಕೆಲವು ಈ ಅನಿಲವನ್ನು ಹಿಡಿದು ತೊಳೆದು ಮತ್ತೆ ಬಳಸುತ್ತವೆ. ಹವ್ಯಾಸಿಗಳಲ್ಲೂ ಕೆಲವರು ಹುದುಗುವ ಪಾತ್ರೆಯನ್ನು ಕೊನೆಯ ಹಂತದಲ್ಲಿ ಬಿಗಿದು ಅನಿಲ ಉಳಿಸಿಕೊಳ್ಳಲು ಕಲಿತಿದ್ದಾರೆ. ಉಳಿದವರ ಮನೆಯಲ್ಲಿ ಅದು ಕಿಟಕಿಯಿಂದ ಹೊರಗೆ ಹೋಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಅನಿಲವನ್ನು ದುಡ್ಡು ಕೊಟ್ಟು, ಗೊಬ್ಬರ ಕಾರ್ಖಾನೆಯ ಕಡೆಯಿಂದ ತರಬೇಕಾಗುತ್ತದೆ.